ಡ್ರೈವರ್ ಬರೆದು ನೋಡು, ಹತ್ತು ವರ್ಷ ಸಾಕಿ ನೋಡು

"ಲಿನಕ್ಸಲ್ಲಿ ಎಲ್ಲಾ ಚೆನ್ನಾಗಿದೆ ಮಾರಾಯ್ರೆ, ಈ ಡ್ರೈವರ್‌ಗಳದ್ದೇ ತಲೆನೋವು" ಅನ್ನೋ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತೆ. ಅದರ ಬೆನ್ನಲ್ಲೇ ಒಂದು ಸಲಹೆಯೂ ಬರುತ್ತೆ. ಡ್ರೈವರ್ ಜೊತೆ ಕರ್ನಲ್ ಮಾತಾಡುವ ರೀತಿಯನ್ನ ಒಂದು ಸಲ ಗಟ್ಟಿಮಾಡಿ ಇಟ್ಟುಬಿಡಲಿ, ಕಂಪನಿಯವರು ಒಮ್ಮೆ ಡ್ರೈವರ್ ಬರೆದು ಕೈತೊಳೆದುಕೊಳ್ಳಲಿ ಅಂತ. ನನಗಂತೂ ಇದು ಒಪ್ಪಿಗೆಯಿಲ್ಲ. ಆ ಕೈತೊಳೆದುಕೊಳ್ಳೋದೇ ರೋಗ ಅಂತ ನನ್ನ ಅನಿಸಿಕೆ.

ಡ್ರೈವರ್ ಅಂದ್ರೆ ಹಾರ್ಡ್‌ವೇರಿಗೂ ಕರ್ನಲ್‌ಗೂ ನಡುವಿನ ದುಭಾಷಿ. ಆದ್ರೆ ಅದು ಹೊರಗೆ ಜಗಲಿಯಲ್ಲಿ ಕೂತು ಮಾತಾಡಲ್ಲ, ಸೀದಾ ದೇವರಮನೆಯಲ್ಲೇ ಕೂತಿರುತ್ತೆ. ಅಲ್ಲಿ ಎಡವಿದರೆ ಇಡೀ ಯಂತ್ರವೇ ಮಗುಚಿಕೊಳ್ಳುತ್ತೆ. ಜುಲೈ 2024ರಲ್ಲಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದ್ದು ನೆನಪಿದೆಯಲ್ಲ? ಅದು ಪ್ರಿಂಟರ್, ಸ್ಕ್ಯಾನರ್ ಡ್ರೈವರ್ ಅಲ್ಲ, ಭದ್ರತೆಯದ್ದು. ಆದ್ರೆ ಕೂತಿದ್ದ ಜಾಗ ಅದೇ.

ಇಂಥ ಜಾಗದಲ್ಲಿ ಹಳೇ ಪದ್ಧತಿಯನ್ನ ಶಾಶ್ವತ ಮಾಡಿದರೆ ಏನಾಗುತ್ತೆ? ಒಂದು ಉದಾಹರಣೆ ಕೊಡ್ತೀನಿ. ಬಹಳಷ್ಟು ಡ್ರೈವರ್‌ಗಳು ಕರ್ನಲ್‌ಗೆ "ಇಷ್ಟು ಹೊತ್ತಾದ ಮೇಲೆ ನನ್ನ ಎಬ್ಬಿಸಪ್ಪಾ" ಅಂತ ಹೇಳಿ ಮಲಗುತ್ತವೆ. ಟೈಮರ್ ಅಂದ್ರೆ ಇದೇ. ಹಳೇ ಕ್ರಮದಲ್ಲಿ ಯಾವ ಫಂಕ್ಷನ್ ಕರೆಯಬೇಕು ಅನ್ನೋದೂ, ಅದಕ್ಕೆ ಕೊಡಬೇಕಾದ ಮೌಲ್ಯವೂ ಮೆಮೊರಿಯಲ್ಲಿ ಒಂದೇ ಕಡೆ ಕೂತಿರುತ್ತಿದ್ದವು. ಆ ಜಾಗವನ್ನ ಯಾರಾದ್ರೂ ತಿದ್ದಿಬಿಟ್ಟರೆ ತಮಗೆ ಬೇಕಾದ ಫಂಕ್ಷನ್ನನ್ನ, ಬೇಕಾದ ಮೌಲ್ಯ ಕೊಟ್ಟು, ಕರ್ನಲ್ ಕೈಯಲ್ಲೇ ಓಡಿಸಬಹುದಿತ್ತು. ಹಾಗಾಗಿ ಕ್ರಮವನ್ನೇ ಬದಲಿಸಿದರು. ಜನವರಿ 2018ರಲ್ಲಿ ಬಂದ 4.15 ಆವೃತ್ತಿಯ ಹೊತ್ತಿಗೆ ಹಳೇ ವಿಧಾನ ಪೂರ್ತಿ ಹೋಯಿತು. ಇದರಲ್ಲಿ ನನಗೆ ಇಷ್ಟವಾಗೋ ವಿಷಯ ಅಂದ್ರೆ, ಮುಖ್ಯ ಕರ್ನಲ್ ಒಳಗಿದ್ದ ಡ್ರೈವರ್‌ಗಳನ್ನೆಲ್ಲ ಬದಲಾವಣೆ ತಂದವರೇ ಹುಡುಕಿ ತಿದ್ದಿಕೊಟ್ಟರು. ಮೊದಲು ಬರೆದವರು ಬೇರೆ ಕೆಲಸ ಹಿಡಿದು ಹೋಗಿದ್ದರೂ ಡ್ರೈವರ್ ಉಳಿಯಿತು. ಹೊರಗಿದ್ದವುಗಳಿಗೆ ಸಿಕ್ಕಿದ್ದು ಬರೀ ಕಂಪೈಲ್ ಎರರ್!

ನನ್ನ ಹತ್ರ ಒಂದು ವೈಫೈ ಡಾಂಗಲ್ ಇದೆ. ಕಂಪನಿ ಹೆಸರು ಬೇಡ ಬಿಡಿ. ಡಬ್ಬದ ಮೇಲೆ ಪೆಂಗ್ವಿನ್ ಚಿತ್ರ, ಒಳಗೆ ಸಿಡಿಯಲ್ಲಿ ಡ್ರೈವರಿನ ಕೋಡು. ಮೊದಲ ವರ್ಷ ಸುಖವಾಗಿ ನಡೆಯಿತು. ಕರ್ನಲ್ ಬದಲಾದಾಗ ಯಾರೋ ಪುಣ್ಯಾತ್ಮರು ಬರೆದ ಪ್ಯಾಚ್ ಹಾಕಿಕೊಂಡೆ. ಮತ್ತೆ ಬದಲಾಯಿತು, ಈ ಸಲ ಪುಣ್ಯಾತ್ಮರು ಸಿಗಲಿಲ್ಲ. ಡಾಂಗಲ್‌ಗೆ ಏನೂ ಆಗಿಲ್ಲ ನೋಡಿ, ಗಟ್ಟಿಮುಟ್ಟಾಗಿದೆ.

ಹಾಗಂತ ವಿಂಡೋಸ್‌ನವರು ಬಚಾವಾದರು ಅಂದುಕೊಳ್ಳಬೇಡಿ. 2007ರಲ್ಲಿ ವಿಸ್ಟಾ ಬಂದಾಗ ಎಷ್ಟೋ ಸ್ಕ್ಯಾನರ್, ಸೌಂಡ್ ಕಾರ್ಡುಗಳು ಮೂಲೆ ಸೇರಿದವು. 64 ಬಿಟ್ ವಿಂಡೋಸ್ ಒಳಗೆ 32 ಬಿಟ್ ಡ್ರೈವರ್ ಕೂರುವುದೇ ಇಲ್ಲ. ಹೊಸದು ಬರೆಯೋದು ಬಿಡೋದು ಕಂಪನಿ ಇಷ್ಟ, ಕೋಡು ಅವರ ಬೀರುವಿನಲ್ಲಿ. ಮೊಬೈಲಿನದ್ದೂ ಇದೇ ಪಾಡು. ಚಿಪ್ ಮಾಡಿದವರ ಡ್ರೈವರ್‌ಗಳು ಒಂದು ಹಳೇ ಕರ್ನಲ್‌ಗೆ ಅಂಟಿಕೊಂಡಿರೋದು ಫೋನಿಗೆ ಅಪ್‌ಡೇಟ್ ನಿಲ್ಲೋದಕ್ಕೆ ಒಂದು ದೊಡ್ಡ ಕಾರಣ. ಡಿಸ್‌ಪ್ಲೇ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಆದರೂ ಡ್ರಾಯರ್ ಸೇರಬೇಕು. ದುಡ್ಡು ಕೊಟ್ಟವರು ನಾವು!

ಕೋಡನ್ನ ಬಹಿರಂಗ ಮಾಡಿದರೆ ಸಾಕಲ್ವಾ ಅಂತೀರಾ? ಸಾಲದು. ಎನ್‌ವಿಡಿಯಾ ಮೇ 2022ರಲ್ಲಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಕೋಡು ಬಿಡುಗಡೆ ಮಾಡಿತು, ಸಂತೋಷ. ಆದ್ರೆ ಅದು ಮುಖ್ಯ ಕರ್ನಲ್‌ನ ಹೊರಗೇ ಬೆಳೆಯುವ ಕೋಡು. ಬಾಗಿಲು ತೆಗೆದಿಡೋದು ಬೇರೆ, ಬಂದು ಪಂಕ್ತಿಯಲ್ಲಿ ಕೂರೋದು ಬೇರೆ.

ಪಂಕ್ತಿಯಲ್ಲಿ ಕೂತವರೆಲ್ಲರ ಹೊಟ್ಟೆ ತುಂಬುತ್ತೆ ಅಂತಲೂ ಅಲ್ಲ, ಅದನ್ನೂ ಹೇಳಬೇಕು. ಕರ್ನಲ್ ಜೊತೆಗೇ 'ಮೇಂಟೇನರ್ಸ್' ಅನ್ನೋ ಒಂದು ಕಡತ ಇರುತ್ತೆ. ಒಂದು ಸಲ ತೆರೆದು ಓದಿ, ಕಾದಂಬರಿಗಿಂತ ಚೆನ್ನಾಗಿದೆ. ಪ್ರತಿ ಭಾಗದ ಮುಂದೆ ಅದರ ಸ್ಥಿತಿ ಬರೆದಿರುತ್ತಾರೆ. 'ಸಪೋರ್ಟೆಡ್' ಅಂದ್ರೆ ನೋಡಿಕೊಳ್ಳೋಕೆ ಯಾರಿಗೋ ಸಂಬಳ ಸಿಗುತ್ತಿದೆ. 'ಮೇಂಟೇನ್ಡ್' ಅಂದ್ರೆ ಯಾರೋ ನೋಡಿಕೊಳ್ಳುತ್ತಿದ್ದಾರೆ, ಸಂಬಳದ ಮಾತಿಲ್ಲ. 'ಆಡ್ ಫಿಕ್ಸಸ್' ಅಂದ್ರೆ ಪುರುಸೊತ್ತಿದ್ದಾಗ. ಕೊನೆಗೆ 'ಆರ್ಫನ್', ಅನಾಥ. 2019ರಲ್ಲಿ ಫ್ಲಾಪಿ ಡ್ರೈವರ್ ಈ ಪಟ್ಟಿಗೆ ಸೇರಿತ್ತು, ಯಾಕಂದ್ರೆ ನೋಡಿಕೊಳ್ಳುತ್ತಿದ್ದವರ ಹತ್ರ ಕೆಲಸ ಮಾಡೋ ಫ್ಲಾಪಿ ಡ್ರೈವೇ ಉಳಿದಿರಲಿಲ್ಲ! ಆಮೇಲೆ ಬೇರೊಬ್ಬರು ವಹಿಸಿಕೊಂಡರು. ಹಾರ್ಡ್‌ವೇರ್ ಕೈಯಲ್ಲಿಲ್ಲದೆ ತಿದ್ದಿದ ಕೋಡು ಕಂಪೈಲ್ ಆಗಬಹುದು. ಕೆಲಸ ಮಾಡುತ್ತೆ ಅಂತ ಯಾರು ಗ್ಯಾರಂಟಿ ಕೊಡ್ತಾರೆ?

ಹಾಗಾಗಿ ನಾನು ಕೇಳೋದು ಸ್ಥಿರವಾದ ಇಂಟರ್‌ಫೇಸ್ ಅಲ್ಲ, ಸಂಬಳ ಸಿಗುವ ಒಬ್ಬ ಮನುಷ್ಯ. ಸಾಧನ ಮಾರುವ ಕಂಪನಿ ಡ್ರೈವರನ್ನ ಮುಖ್ಯ ಕರ್ನಲ್‌ಗೆ ಸೇರಿಸಲಿ, ಅದರ ಮುಂದೆ 'ಸಪೋರ್ಟೆಡ್' ಅಂತ ಬರೆಸಲಿ, ಮಾರಾಟ ನಿಂತ ಮೇಲೂ ಒಂದಷ್ಟು ವರ್ಷ ಆ ಸಾಲನ್ನ ಅಳಿಸದೇ ಇರಲಿ. ನಾವೂ ಅಷ್ಟೇ, ಡಬ್ಬದ ಮೇಲಿನ ಪೆಂಗ್ವಿನ್ ನೋಡಿ ಮರುಳಾಗದೆ, ಡ್ರೈವರ್ ಕರ್ನಲ್ ಒಳಗಿದೆಯಾ ಅಂತ ಅಂಗಡಿಗೆ ಹೋಗೋ ಮುಂಚೆ ಹುಡುಕಬೇಕು. ಐದು ನಿಮಿಷದ ಕೆಲಸ.

ನಿಮ್ಮ ಮನೆ ಅಟ್ಟದಲ್ಲೂ ಡ್ರೈವರ್ ಇಲ್ಲದೆ ಕೂತಿರೋದು ಏನಾದ್ರೂ ಇದ್ದೇ ಇರುತ್ತೆ. ಏನದು, ಯಾವ ಆವೃತ್ತಿಗೆ ಕೈಕೊಟ್ಟಿತು ಅಂತ ಬರೀರಿ. ಒಳಗೆ ಸೇರಿರೋ ಡ್ರೈವರ್ ಯಾವುದಾದ್ರೂ ಅದಕ್ಕೆ ಹೊಂದುತ್ತಾ ಅಂತ ಹುಡುಕೋಣ.