ಸಹಿಯಿಲ್ಲದ ಆದೇಶ

‘ರೋಬಾಟ್’ ಎಂಬ ಪದವನ್ನು ಲೋಕಕ್ಕೆ ಕೊಟ್ಟ ಕಾರೆಲ್ ಚಾಪೆಕ್‌ನ 1920ರ ನಾಟಕದಲ್ಲಿಯೇ ಯಂತ್ರಮಾನವರು ಮನುಷ್ಯಕುಲದ ಮೇಲೆ ದಂಗೆಯೇಳುತ್ತಾರೆ. 2002ರ ಕನ್ನಡ ಚಿತ್ರ ‘ಹಾಲಿವುಡ್’ನಲ್ಲಿ ಉಪೇಂದ್ರರ ಯಂತ್ರಮಾನವ ಪ್ರೀತಿಗೆ ಸಿಲುಕಿ ಹತೋಟಿ ಮೀರುತ್ತಾನೆ, 2010ರ ‘ಎಂದಿರನ್’ನ ಚಿಟ್ಟಿ ತನ್ನ ನಿರ್ಮಾತೃವಿಗೇ ಶತ್ರುವಾಗುತ್ತಾನೆ. 2018ರ ಫೆಬ್ರುವರಿಯಲ್ಲಿ ಮನುಷ್ಯರೂಪದ ‘ಸೋಫಿಯಾ’ ನಮ್ಮ ಹೈದರಾಬಾದಿಗೇ ಬಂದು ಮಾತನಾಡಿತು.

ಆದರೆ ಈ ನಗರದ ಬಡವರನ್ನು ಕಾಡಿದ ಯಂತ್ರಕ್ಕೆ ಮುಖವೂ ಇಲ್ಲ, ಮುನಿಸೂ ಇಲ್ಲ. ತೆಲಂಗಾಣ ಸರ್ಕಾರದ ‘ಸಮಗ್ರ ವೇದಿಕ’ ಎಂಬ ಗಣಕ ವ್ಯವಸ್ಥೆಯು ವಾಹನ, ಆಸ್ತಿ ಮೊದಲಾದ ದಾಖಲೆಗಳನ್ನು ಹೆಸರು-ವಿಳಾಸಗಳ ಹೋಲಿಕೆಯಿಂದ ಜೋಡಿಸಿ, ಪಡಿತರಕ್ಕೆ ಅನರ್ಹರಾದವರನ್ನು ಗುರುತಿಸುತ್ತದೆ. ಹೆಸರು ಹೋಲುವ ಬೇರೊಬ್ಬನ ಕಾರು ಬಡವನ ಲೆಕ್ಕಕ್ಕೆ ಸೇರಿದ್ದೂ ಉಂಟು. ನೋಟಿಸಿಲ್ಲದೆ ಚೀಟಿಗಳು ರದ್ದಾದವು. ಕಡೆಗೆ 2022ರ ಏಪ್ರಿಲ್‌ನಲ್ಲಿ, ರದ್ದಾದ ಸುಮಾರು 19 ಲಕ್ಷ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸುವಂತೆ ಸರ್ವೋಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು.

ಇಲ್ಲಿ ಯಂತ್ರ ತಿರುಗಿಬೀಳಲಿಲ್ಲ, ಹೇಳಿದ್ದನ್ನು ಮಾಡಿತು. ಭಯಪಡಬೇಕಾದುದು ಅದರ ಹಿಂದೆ ಅವಿತ ಮನುಷ್ಯರಿಗೆ. ನಾನು ಲೆಕ್ಕಪರಿಶೋಧಕ. ಮೊತ್ತವನ್ನು ತಂತ್ರಾಂಶವೇ ಕೂಡಿದ್ದರೂ ವರದಿಗೆ ಸಹಿ ಹಾಕಿದ ಮೇಲೆ ಉತ್ತರ ಕೊಡಬೇಕಾದವನು ನಾನೇ. ಕಂಪನಿಯ ಲಾಭನಷ್ಟಕ್ಕೆ ಇರುವ ಈ ಕಟ್ಟುಪಾಡು ಬಡವನ ಅಕ್ಕಿಗೆ ಬೇಡವೇ? ರದ್ದತಿಗೆ ಮುನ್ನ ನೋಟಿಸು, ಮನೆಬಾಗಿಲಲ್ಲಿ ವಿಚಾರಣೆ, ಆದೇಶದ ಕೆಳಗೆ ಒಬ್ಬ ಅಧಿಕಾರಿಯ ಹೆಸರು ಮತ್ತು ಸಹಿ: ಈ ಮೂರೂ ಕಾನೂನಾಗಬೇಕು.

ವಾಚಕರು ಯಾವ ರಾಜ್ಯದಲ್ಲೇ ನೆಲೆಸಿರಲಿ, ಮತ ಯಾಚಿಸಲು ಬಂದವರನ್ನು ಕೇಳಬೇಕು: ಗಣಕ ಕೊಟ್ಟ ತೀರ್ಪಿಗೆ ನಿಮ್ಮಲ್ಲಿ ಹೊಣೆ ಯಾರು?