ಅರವತ್ತರ ಮೇಲೆ ಪಾಠ ತಲೆಗೆ ಹತ್ತುತ್ತದೆಯೇ? ಉಪನ್ಯಾಸದ ಜೊತೆ ಊಟ ಯಾಕೆ?

ಮನುಷ್ಯನ ಮೆದುಳು ಅತಿ ಹೆಚ್ಚು ಕೆಲಸ ಮಾಡುವುದು 60ರಿಂದ 70ರ ವಯಸ್ಸಿನಲ್ಲಿ ಎಂಬ ಉದ್ದನೆಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರಲ್ಲಿ ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆಸರಿದೆ. ಕೊನೆಯಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 70, 389 (2018)' ಎಂಬ ಆಧಾರವೂ ಇದೆ. ಇನ್ನೊಂದು ಕಡೆ, ನಮ್ಮ ಇಂಡಿ, ಸಿಂದಗಿ ಭಾಗದ ಕಟ್ಟೆಗಳ ಮೇಲೆ ಕೇಳುವ ಮಾತೇ ಬೇರೆ: "ಈ ವಯಸ್ಸಿನಾಗ ಇನ್ನೇನ್ ಕಲೀತೀರಿ, ಸುಮ್ನ ಮನ್ಯಾಗ ಕೂಡ್ರ್ರಿ." ಎರಡೂ ತಪ್ಪು.

ಮೊದಲು ಮೆಸೇಜಿನ ಆಧಾರ ನೋಡೋಣ. ಆ ವೈದ್ಯಕೀಯ ಪತ್ರಿಕೆಯ 2018ರ ಸಂಪುಟಗಳು 378 ಮತ್ತು 379. 389ನೇ ಸಂಪುಟ ಬಂದದ್ದು 2023ರಲ್ಲಿ. ಅಂದರೆ ಕೊಟ್ಟ ಸಂಖ್ಯೆಯೇ ಲೆಕ್ಕಕ್ಕೆ ಕೂಡುವುದಿಲ್ಲ. ಫಾರ್ವರ್ಡ್ ಮಾಡುವ ಮುನ್ನ ಇಷ್ಟು ನೋಡಲು ಎರಡು ನಿಮಿಷ ಸಾಕು.

ನಿಜ ಏನೆಂದರೆ, ಮೆದುಳಿನ ಎಲ್ಲ ಶಕ್ತಿಗಳೂ ಒಟ್ಟಿಗೆ ಏರುವುದಿಲ್ಲ, ಒಟ್ಟಿಗೆ ಇಳಿಯುವುದೂ ಇಲ್ಲ. ಥಟ್ಟನೆ ಉತ್ತರ ಹೊಳೆಯುವುದು, ಹೊಸ ಹೆಸರು ನೆನಪಿಡುವುದು ನಡುವಯಸ್ಸಿಗೂ ಮುಂಚೆಯೇ ನಿಧಾನವಾಗತೊಡಗುತ್ತವೆ. ಪದಸಂಪತ್ತು ಮತ್ತು ಲೋಕಜ್ಞಾನ ಮಾತ್ರ 60ರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತವೆ. ಹಾಗಾಗಿ ಹಿರಿಯರು ಕಲಿಯಬಲ್ಲರು, ಆದರೆ ವೇಗ ಕಡಿಮೆ ಇರಬೇಕು, ಹೊಸ ವಿಷಯವನ್ನು ಗೊತ್ತಿರುವುದರ ಜೊತೆ ಜೋಡಿಸಿ ಹೇಳಬೇಕು.

ಇದನ್ನೇ ನಂಬಿ ಫ್ರಾನ್ಸಿನ ಟುಲೂಸ್‌ನಲ್ಲಿ 1973ರಲ್ಲಿ ಹಿರಿಯರಿಗಾಗಿ 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ' ಶುರುವಾಯಿತು. ಪರೀಕ್ಷೆ ಇಲ್ಲ, ಮಾರ್ಕ್ಸ್ ಕಾರ್ಡ್ ಇಲ್ಲ. ಈಗ ಅಮೆರಿಕದ ನೂರಕ್ಕೂ ಹೆಚ್ಚು ಕಾಲೇಜು, ವಿಶ್ವವಿದ್ಯಾಲಯಗಳು 50 ದಾಟಿದವರಿಗಾಗಿ ಇಂಥ ತರಗತಿ ನಡೆಸುತ್ತವೆ. ಕೆಲವು ಕಡೆ ಸಂಜೆ ಉಪನ್ಯಾಸ, ಜೊತೆಗೆ ಊಟ.

ಲಚ್ಯಾಣದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಸಿದ್ಧಲಿಂಗ ಮಹಾರಾಜರ ಮಠದ ಊರು ಅದು. ಪ್ರವಚನ ಮುಗಿದ ಮೇಲೆ ದಾಸೋಹ, ಪಂಕ್ತಿಯಲ್ಲಿ ಕುಳಿತು ಹುಗ್ಗಿ ಉಣ್ಣುವುದು ನಮ್ಮ ಕಡೆಯ ರೂಢಿ. ಗದುಗಿನ ತೋಂಟದಾರ್ಯ ಮಠದಲ್ಲಿ ಸೋಮವಾರದ ಶಿವಾನುಭವ ದಶಕಗಳಿಂದ ನಡೆದುಬಂದಿದೆ. 2023ರ ಜನವರಿ 2ರಂದು ಅಗಲಿದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ನಸುಕಿನಲ್ಲೇ ಬಂದು ಕೂಡುತ್ತಿದ್ದವರಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರೂ ಇದ್ದರು. ಕೇಳಿ ಕಲಿಯಲು ಅಕ್ಷರ ಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಕೊರತೆ ಇದೆ. ಪ್ರವಚನದಲ್ಲಿ ಸಾಮಾನ್ಯವಾಗಿ ನಾವು ಕೇಳುತ್ತೇವೆ, ತಿರುಗಿ ಪ್ರಶ್ನೆ ಮಾಡುವುದಿಲ್ಲ. ಊಟ ಮುಖ್ಯವಾಗುವುದು ಇಲ್ಲೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಪಾಠವನ್ನು ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಪಕ್ಕದ ಎಲೆಯವರು "ಅವರು ಆಗ ಅಂದದ್ದು ಏನ್ರಿ?" ಅಂತ ಕೇಳಿ, ನೀವು ನೆನಪು ಮಾಡಿಕೊಂಡು ಹೇಳಿದರೆ ನಡೆಯುವುದೂ ಹೆಚ್ಚುಕಡಿಮೆ ಅದೇ. ಆದ್ದರಿಂದ ಪಾರ್ಸಲ್ ಕಟ್ಟಿಸಿಕೊಂಡು ಹೊರಡುವವರು ಕಾರ್ಯಕ್ರಮದ ಅರ್ಧ ಲಾಭ ಬಿಟ್ಟು ಹೋಗುತ್ತಾರೆ ಎಂದೇ ನಮ್ಮ ಲೆಕ್ಕ.

ಹಾಗಾದರೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಬರುವುದಿಲ್ಲವೇ? ಅಷ್ಟು ದೊಡ್ಡ ಮಾತು ಹೇಳಲಾಗದು. ನ್ಯೂಯಾರ್ಕಿನಲ್ಲಿ 75 ದಾಟಿದ 469 ಮಂದಿಯನ್ನು ಗಮನಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಓದು, ಚದುರಂಗದಂಥ ಆಟ, ವಾದ್ಯ ನುಡಿಸುವುದು, ನೃತ್ಯ ರೂಢಿಯಲ್ಲಿದ್ದವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡಿತು. ಆದರೆ ಮರೆವು ಶುರುವಾಗುತ್ತಿರುವವರು ತಾವಾಗಿಯೇ ಇವನ್ನೆಲ್ಲ ಬಿಟ್ಟಿರಲೂಬಹುದು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ. 2024ರ ಲ್ಯಾನ್ಸೆಟ್ ಆಯೋಗದ ವರದಿ ನಾವು ಬದಲಿಸಬಹುದಾದ 14 ಅಪಾಯಗಳನ್ನು ಗುರುತಿಸಿದೆ. ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಸುಮಾರು 45% ಡಿಮೆನ್ಷಿಯಾ ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅದರ ಅಂದಾಜು. ಒಂಟಿತನ, ಕಿವಿ ಕೇಳಿಸದಿರುವುದು, ಕಣ್ಣು ಮಂಜಾಗುವುದು, ಬಿಪಿ, ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿವೆ.

ಕಿವಿಯ ವಿಷಯವನ್ನು ನಮ್ಮಲ್ಲಿ ತೀರಾ ಹಗುರವಾಗಿ ನೋಡುತ್ತಾರೆ. "ಅಜ್ಜಗ ಕೇಳಸೂದಿಲ್ಲ, ಬಿಡ್ರಿ" ಅಂತ ಬಿಟ್ಟರೆ ಅಜ್ಜ ಮೊದಲು ಮಾತು ಬಿಡುತ್ತಾನೆ, ಆಮೇಲೆ ಜನರ ನಡುವೆ ಹೋಗುವುದನ್ನೇ ಬಿಡುತ್ತಾನೆ. ಅಮೆರಿಕದಲ್ಲಿ 977 ಹಿರಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಎಲ್ಲರನ್ನೂ ಸೇರಿಸಿ ನೋಡಿದರೆ ಶ್ರವಣ ಯಂತ್ರದಿಂದ ವ್ಯತ್ಯಾಸ ಕಾಣಲಿಲ್ಲ. ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಮೂರು ವರ್ಷಗಳಲ್ಲಿ ಬುದ್ಧಿಶಕ್ತಿಯ ಕುಸಿತ 48% ಕಡಿಮೆಯಾಗಿತ್ತು. ಉಪನ್ಯಾಸಕ್ಕೆ ಕಳಿಸುವ ಮುನ್ನ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡ್ರಿಸಿ.

ಸಂಜೆ ಹೊತ್ತು ಖಾಲಿ ಬೀಳುವ ಕಾಲೇಜು ಸಭಾಂಗಣಗಳು ನಮ್ಮ ತಾಲ್ಲೂಕುಗಳಲ್ಲೂ ಇವೆ. ಯಾರಾದರೂ ತಿಂಗಳಿಗೊಮ್ಮೆ ಇಂಥದ್ದು ನಡೆಸುವುದಾದರೆ ಸಮಯದ ಬಗ್ಗೆ ಒಂದು ಎಚ್ಚರ ಇರಲಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡವರಿಗೆ ಊಟ ಒಂದು ತಾಸು ತಡವಾದರೂ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ಕೈನಡುಕ, ಗಲಿಬಿಲಿ ಅದರ ಗುರುತು. ತಕ್ಷಣ ಮೂರ್ನಾಲ್ಕು ಚಮಚ ಸಕ್ಕರೆ ಹಾಕಿದ ನೀರು ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅದಕ್ಕೇ ನಮ್ಮ ಸಲಹೆ: ಊಟ ಮೊದಲು, ಉಪನ್ಯಾಸ ಆಮೇಲೆ ಎಂದಿಟ್ಟರೆ ಮಾತುಕತೆಗೆ ಕೊನೆಯಲ್ಲಿ ಚಹಾದ ಹೊತ್ತು ಉಳಿಸಿ. ಉಪನ್ಯಾಸವೇ ಮೊದಲು ಎಂದಾದರೆ ಭಾಷಣಕಾರರಿಗೆ ಗಡಿಯಾರ ತೋರಿಸಿ. ಲಚ್ಯಾಣಕ್ಕೋ ಮುಂದಿನ ಹಳ್ಳಿಗೋ ಹೋಗುವ ಕೊನೆಯ ಬಸ್ಸಿನ ಸಮಯವನ್ನೂ ಆಮಂತ್ರಣ ಪತ್ರಿಕೆಯಲ್ಲೇ ಹಾಕಿ.