ಸೆಡಾಕಾದಲ್ಲಿ ಸುದ್ದಿಯೇ ಇರಲಿಲ್ಲ

1980ರ ಜನವರಿಯಲ್ಲಿ ಮಲೇಷ್ಯಾದ ಕೆಡಾ ರಾಜ್ಯದ ರಾಜಧಾನಿ ಅಲೋರ್ ಸೆತಾರ್‌ನಲ್ಲಿ ಸಾವಿರಾರು ಭತ್ತದ ರೈತರು ಬೀದಿಗಿಳಿದರು. ಭತ್ತದ ಬೆಲೆಯ ಒಂದು ಭಾಗವನ್ನು ನಗದಿನ ಬದಲು ಕೂಪನ್‌ನಲ್ಲಿ ಕೊಡುವ ಸರ್ಕಾರದ ಯೋಜನೆ ಅವರಿಗೆ ಬೇಕಿರಲಿಲ್ಲ. ಬಂಧನಗಳಾದವು. ನಮ್ಮಂಥ ಜಿಲ್ಲಾ ಸ್ಟ್ರಿಂಗರ್ ಅಲ್ಲಿದ್ದಿದ್ದರೆ ಅಂದು ಹಬ್ಬ. ಮುಖಪುಟಕ್ಕೆ ಒಂದು ಫೋಟೊ, ಒಳಪುಟಕ್ಕೆ ಮೂರು ಕಾಲಂ.

ಅದೇ ರಾಜ್ಯದ ಎಪ್ಪತ್ತು ಚಿಲ್ಲರೆ ಮನೆಗಳ ಒಂದು ಊರಲ್ಲಿ ಆ ದಿನಗಳಲ್ಲಿ ಜೇಮ್ಸ್ ಸ್ಕಾಟ್ ಎಂಬ ಅಮೆರಿಕದ ಸಂಶೋಧಕ ನೋಟ್‌ಬುಕ್ ಹಿಡಿದು ಕೂತಿದ್ದರು. ಅವರು ಬರೆದುಕೊಳ್ಳುತ್ತಿದ್ದುದರಲ್ಲಿ ಪತ್ರಿಕೆಗೆ ಹೋಗುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೂ 1985ರಲ್ಲಿ ಅದೇ ನೋಟ್‌ಬುಕ್‌ಗಳಿಂದ 'ವೆಪನ್ಸ್ ಆಫ್ ದಿ ವೀಕ್' ಎಂಬ ಪುಸ್ತಕ ಬಂತು. ಆಗ್ನೇಯ ಏಷ್ಯಾದ ಬಗ್ಗೆ ಬಂದ ಸಂಶೋಧನೆಗಳಲ್ಲಿ ಹಳ್ಳಿ ವರದಿಗಾರರು ಒಂದನ್ನೇ ಓದಬೇಕೆಂದಿದ್ದರೆ ನಾವು ಇದನ್ನೇ ಕೈಗಿಡುತ್ತೇವೆ. ಡಿಪ್ಲೊಮಾ ತರಗತಿಯಲ್ಲಿ ಇದರ ಹೆಸರನ್ನೂ ನಾವು ಕೇಳಿರಲಿಲ್ಲ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಏಷ್ಯಾದ ರೈತರ ಮೇಲೆ ದಿಢೀರ್ ಆಸಕ್ತಿ ಹುಟ್ಟಿತ್ತು. ರೈತ ಯಾವಾಗ ದಂಗೆ ಏಳುತ್ತಾನೆ ಎಂಬುದೇ ಎಲ್ಲರ ಪ್ರಶ್ನೆ. ಸ್ಕಾಟ್ ಕೂಡ 1976ರಲ್ಲಿ ಬರ್ಮಾ ಮತ್ತು ವಿಯೆಟ್ನಾಂನ 1930ರ ದಂಗೆಗಳ ಬಗ್ಗೆ ಪುಸ್ತಕ ಬರೆದವರೇ. ಆಮೇಲೆ ಪ್ರಶ್ನೆಯನ್ನು ತಿರುಗಿಸಿಕೊಂಡರು. ದಂಗೆ ಅಪರೂಪ, ಹಾಗಾದರೆ ಉಳಿದ ದಿನಗಳಲ್ಲಿ ಬಡವರು ಏನು ಮಾಡುತ್ತಿರುತ್ತಾರೆ? ಇದನ್ನು ತಿಳಿಯಲು ಮಲಯ್ ಕಲಿತು 1978ರಿಂದ 80ರವರೆಗೆ ಆ ಊರಿನ ಬೆನ್ನುಹತ್ತಿದರು. ರಾಜ್ಯಶಾಸ್ತ್ರದ ಪ್ರೊಫೆಸರ್ ಹಳ್ಳಿಯಲ್ಲಿ ಹೋಗಿ ಕೂರುವುದು ಆ ಕಾಲಕ್ಕೆ ವಿಚಿತ್ರವೇ.

ಊರು ಇದ್ದದ್ದು ಮುದಾ ನೀರಾವರಿ ಯೋಜನೆಯ ಬಯಲಿನಲ್ಲಿ. ವಿಶ್ವಬ್ಯಾಂಕ್ ಸಾಲದ ಯೋಜನೆ, 1970ರ ದಶಕದಲ್ಲಿ ವರ್ಷಕ್ಕೆ ಎರಡು ಬೆಳೆ ತಂದಿತು. ಮೊದಮೊದಲು ಬಡವರಿಗೂ ಕೈತುಂಬ ಕೂಲಿ. ಆಮೇಲೆ ಕೊಯ್ಲು ಯಂತ್ರ ಬಂತು. 1980ರ ಹೊತ್ತಿಗೆ ಬಯಲಿನ ಭತ್ತದಲ್ಲಿ ನೂರಕ್ಕೆ ಸುಮಾರು 80ರಷ್ಟನ್ನು ಯಂತ್ರಗಳೇ ಕೊಯ್ಯುತ್ತಿದ್ದವು. ಕೊಯ್ಯುವ ಕೂಲಿ ಹೋಯಿತು, ಬಡಿಯುವ ಕೂಲಿ ಹೋಯಿತು, ಬಡ ಹೆಂಗಸರು ಗದ್ದೆಯಲ್ಲಿ ತೆನೆ ಆಯುವುದೂ ಹೋಯಿತು. ಕೂಲಿ ಬೇಡವಾದ ಮೇಲೆ ಉಳ್ಳವರ ದಾನಧರ್ಮವೂ ಇಳಿಯಿತು, ಕೂಲಿಯವನನ್ನು ಸಂತೋಷವಾಗಿಟ್ಟು ಏನಾಗಬೇಕು?

ನಾಟಿ ಮಾತ್ರ ಇನ್ನೂ ಹೆಂಗಸರ ಕೈಯಲ್ಲಿತ್ತು. ಯಂತ್ರ ಕರೆಸಿದವರ ಗದ್ದೆಗೆ ನಾಟಿಗೆ ಹೋಗಲು ಮನಸ್ಸಿಲ್ಲ ಎಂಬ ಮಾತನ್ನು ನಾಟಿ ಗುಂಪುಗಳು ಊರಲ್ಲಿ ಹರಿಯಬಿಟ್ಟವು. ಯಾರೂ ಎದುರು ನಿಂತು ಹೇಳಲಿಲ್ಲ. 'ಬೇರೆಯವರ ಕೆಲಸ ಮುಗಿದಿಲ್ಲ', 'ಇವತ್ತು ಆಗಲ್ಲ' ಎಂದು ದಿನ ದೂಡಿದರು. ಮುಷ್ಕರ ಅನ್ನುವಂತಿಲ್ಲ, ಅಲ್ಲ ಅನ್ನುವಂತೆಯೂ ಇಲ್ಲ. ಹೊರಗಿನಿಂದ ಕೂಲಿಯವರನ್ನು ತರುತ್ತೇವೆ ಎಂದು ಗದ್ದೆಯವರು ಹೆದರಿಸಿದಾಗ ಸದ್ದಿಲ್ಲದೆ ಹಿಂದೆ ಸರಿದರು. ಮುದಾ ಬಯಲಿನ ಬೇರೆ ಕಡೆಗಳಲ್ಲಿ ರಾತ್ರಿ ನಿಂತ ಯಂತ್ರದ ಟ್ಯಾಂಕಿಗೆ ಮರಳು ಬೀಳುತ್ತಿತ್ತು, ಬ್ಯಾಟರಿ ಕಾಲುವೆ ಸೇರುತ್ತಿತ್ತು.

ನಮಗೆ ಹೆಚ್ಚು ಹಿಡಿಸಿದ್ದು ಜಕಾತ್‌ನ ಕಥೆ. ಭತ್ತದಲ್ಲಿ ಹತ್ತನೇ ಒಂದು ಭಾಗವನ್ನು ಧರ್ಮದ ಪಾಲಾಗಿ ಕೊಡಬೇಕೆಂಬುದು ಇಸ್ಲಾಂನ ನಿಯಮ. ಕೆಡಾದಲ್ಲಿ ಅದನ್ನು ಸರ್ಕಾರವೇ ವಸೂಲಿ ಮಾಡುತ್ತಿತ್ತು. ಭತ್ತ ರಾಜಧಾನಿಗೆ ಹೋಗುತ್ತದೆ, ಊರಿನ ಬಡವರಿಗೆ ಏನೂ ವಾಪಸ್ ಬರುವುದಿಲ್ಲ ಎಂದು ಜನರ ಸಿಟ್ಟು. ಆದರೆ ಧರ್ಮದ ವಿಷಯ, ವಿರೋಧಿಸಿ ಮೆರವಣಿಗೆ ಹೋಗಲಾದೀತೆ? ಅದಕ್ಕೆ ಜಮೀನನ್ನು ಕಡಿಮೆ ಬರೆಸಿದರು. ಕೊಟ್ಟ ಭತ್ತದಲ್ಲಿ ಹಸಿ, ಹುಲ್ಲು, ಮಣ್ಣು. ಅದೇ ಜನ ತಮ್ಮೂರಿನ ಬಡ ಕೂಲಿಯವರಿಗೆ ಸ್ವಂತ ಇಚ್ಛೆಯಿಂದ ಜಕಾತ್ ಕೊಡುತ್ತಲೇ ಇದ್ದರು. ಅವರಿಗೆ ಬೇಡವಾಗಿದ್ದು ಕಚೇರಿ, ಧರ್ಮ ಅಲ್ಲ. ಸಂಘ ಇಲ್ಲ, ಘೋಷಣೆ ಇಲ್ಲ, ನಾಯಕ ಇಲ್ಲ, ಕಚೇರಿಗೆ ಬರಬೇಕಾದ ಬಹುಪಾಲು ಬರಲೇ ಇಲ್ಲ. ಕಚೇರಿಯವರೂ ಈ ಸೋಲನ್ನು ಹೊರಗೆ ಹೇಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಈ ಜಕಾತ್ ಪುಟಗಳನ್ನು ಓದಿ ನಾವು ನಮ್ಮ ಹಳೆಯ ವರದಿಗಳ ಫೈಲ್ ತೆಗೆದು ನೋಡಿದೆವು. ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಭತ್ತ ಕೊಯ್ಯುವ ಯಂತ್ರ ಬಂದು ಎಷ್ಟೋ ವರ್ಷಗಳಾದವು. ನಾವು ಬರೆದಿದ್ದು ಯಂತ್ರದ ಬಾಡಿಗೆ ಏರಿದ್ದು, ಮಳೆಗೆ ಯಂತ್ರ ಕೆಸರಲ್ಲಿ ಹೂತದ್ದು, ಮೇವಿಗೆ ಹುಲ್ಲು ಸಿಗದಿದ್ದು. ಕುಡುಗೋಲು ಹಿಡಿಯುತ್ತಿದ್ದ ಹೆಂಗಸರು ಎಲ್ಲಿ ಹೋದರು, ಏನಂದರು ಎಂಬುದು ಒಂದು ಕ್ಲಿಪ್ಪಿಂಗ್‌ನಲ್ಲೂ ಇಲ್ಲ. ಗಲಾಟೆ ಆಗಿದೆಯೇ ಎಂದು ಠಾಣೆಗೆ ಫೋನ್ ಮಾಡುತ್ತಿದ್ದೆವು, 'ಇಲ್ಲ, ಶಾಂತ' ಎಂದರೆ ಮುಗಿಯಿತು. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಸಿಗುವವರು ಒಂದು ಊರಲ್ಲಿ ಎರಡು ವರ್ಷ ಕೂರಲಾಗದು ಎಂಬುದು ನಿಜ. ಎರಡನೇ ಸಲ ಹೋಗಲೂ ಆಗುವುದಿಲ್ಲವೆಂದರೆ ಅದು ಸಬೂಬು.

ಇನ್ನೊಂದು ವಿಷಯ ನಮ್ಮನ್ನು ಹೆಚ್ಚು ಚುಚ್ಚಿತು. ಸೆಡಾಕಾ ಎಂಬುದು ಆ ಊರಿನ ನಿಜ ಹೆಸರಲ್ಲ. ಪುಸ್ತಕದಲ್ಲಿರುವ ಬಡವ ರಜಾಕ್, ಜಿಪುಣ ಹಾಜಿ ಬ್ರೂಮ್, ಯಾವುದೂ ನಿಜ ಹೆಸರಲ್ಲ. ನಮ್ಮ ಎಂ.ಎನ್. ಶ್ರೀನಿವಾಸ್ ಕೂಡ ಕೊಡಗಹಳ್ಳಿಯನ್ನು ರಾಂಪುರ ಎಂದೇ ಬರೆದರು. ಪತ್ರಿಕೆಯ ನಿಯಮ ತಿರುಗುಮುರುಗು: ಹೆಸರು, ವಯಸ್ಸು, ಊರು, ಆದರೆ ಫೋಟೊ. ಆರು ವರ್ಷದ ಹಿಂದೆ ಉದ್ಯೋಗ ಖಾತರಿ ಕೆಲಸಕ್ಕೆ ಜೆಸಿಬಿ ಬಳಸಿದ್ದನ್ನು ಹೇಳಿದ ಒಬ್ಬ ಹೆಂಗಸಿನ ಹೆಸರು, ಫೋಟೊ ಎರಡನ್ನೂ ನಾವು ಹಾಕಿಸಿದೆವು. ಅವರೇ ಒಪ್ಪಿದ್ದರು, ನಾವು ಹೆಮ್ಮೆಯಿಂದ ಪತ್ರಿಕೆ ಕೊಟ್ಟು ಬಂದೆವು. ಆಮೇಲೆ ಎರಡು ಹಂಗಾಮು ಅವರನ್ನು ಯಾರೂ ಕಳೆ ಕೀಳಲೂ ಕರೆಯಲಿಲ್ಲ. ಒಪ್ಪಿಗೆ ಕೇಳಿದೆವು, ಏನಾಗಬಹುದೆಂದು ಹೇಳಲಿಲ್ಲ. ಹೇಳಲು ನಮಗೇ ಗೊತ್ತಿರಲಿಲ್ಲ, ಯಾಕೆಂದರೆ ಆ ಊರು ನಮಗೆ ಗೊತ್ತಿರಲಿಲ್ಲ.

ಸ್ಕಾಟ್ ಪುಸ್ತಕವನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ಅದೇ ಮುದಾ ಬಯಲಿನಲ್ಲಿ ಕೆಲಸ ಮಾಡಿದ ಗಿಲಿಯನ್ ಹಾರ್ಟ್ 1991ರಲ್ಲಿ ಬರೆದ ಆಕ್ಷೇಪ ಗಟ್ಟಿಯಾದದ್ದು: ಗಂಡಸರು ಆಳುವ ಪಕ್ಷದ ಋಣಕ್ಕೆ ಸಿಕ್ಕಿ ಬಾಯಿ ಮುಚ್ಚಿಕೊಂಡಿದ್ದರು, ಗುಂಪು ಕಟ್ಟಿಕೊಂಡು ಕೂಲಿಗಾಗಿ ಸೆಣಸಿದ್ದು ಹೆಂಗಸರು, ಈ ವ್ಯತ್ಯಾಸವನ್ನು ಸ್ಕಾಟ್ ಸರಿಯಾಗಿ ನೋಡಲಿಲ್ಲ ಎಂದು. ಗುಟ್ಟಿನ ಪ್ರತಿರೋಧವನ್ನು ಹಾಡಿ ಹೊಗಳುವುದರಲ್ಲೂ ಅಪಾಯವಿದೆ. ಸೆಡಾಕಾದಲ್ಲಿ ಯಂತ್ರ ಉಳಿಯಿತು, ಕೂಲಿ ಹೋಯಿತು. ಸ್ಕಾಟ್ ಅದನ್ನು ಮುಚ್ಚಿಡಲಿಲ್ಲ. ಅವರು 2024ರ ಜುಲೈನಲ್ಲಿ ತೀರಿಕೊಂಡರು.

ಕಳೆದ ತಿಂಗಳು ಆ ಹೆಂಗಸಿನ ಊರಿಗೆ ಮತ್ತೆ ಹೋಗಿದ್ದೆವು, ಬರೆಯಲಿಕ್ಕಲ್ಲ. ಅವರು ಚಹಾ ಕೊಟ್ಟರು. ನಾಟಿಗೆ ಕರೆದವರಿಗೆ ಈ ಸಲ ತಾವೂ ಪಕ್ಕದ ಮನೆಯವರೂ ಏನೇನು ನೆಪ ಹೇಳಿದೆವು ಎಂದು ವಿವರಿಸಿ ನಕ್ಕರು. ನಾವು ಪೆನ್ನು ತೆಗೆದದ್ದು ನೋಡಿ, 'ಫೋಟೊ ಬ್ಯಾಡ್ರಿ' ಅಂದರು. ಪೆನ್ನು ಒಳಗಿಟ್ಟೆವು.